ಬೆನ್ನ ಹಿಂದಿನ ಇಳಿಜಾರು

ಗಡಿಗೆರೆಗೆ ಇಂಕು ಹಾಕುವ ದಿನ ನಕ್ಷೆಗಾರ ಬೆಳಗಿನ ತಿಂಡಿ ಮುಟ್ಟುತ್ತಿರಲಿಲ್ಲ. ಹೊಟ್ಟೆ ತುಂಬಿದರೆ ಕೈ ಭಾರವಾಗುತ್ತದೆ, ಕೈ ಭಾರವಾದರೆ ಗೆರೆ ದಪ್ಪಗಾಗುತ್ತದೆ ಎಂದು ಅವನಿಗೆ ಕೆಲಸ ಕಲಿಸಿದ ಹಿರಿಯ ಹೇಳಿದ್ದ. ಅದು ಕಸುಬಿನ ಗುಟ್ಟೋ, ಆ ಮುದುಕನ ಅಜೀರ್ಣವೋ, ಪರೀಕ್ಷಿಸಿ ನೋಡುವ ಧೈರ್ಯ ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ಬಂದಿರಲಿಲ್ಲ. ಇವತ್ತು ಮಾತ್ರ ತಟ್ಟೆ ಖಾಲಿಯಾದ ಮೇಲೆಯೇ ತಾನು ತಿಂದದ್ದು ಅವನಿಗೆ ಗೊತ್ತಾಯಿತು. "ಇವತ್ತು ಇಂಕಿನ ದಿನ ಅಂದಿದ್ರಲ್ಲ? ನಾನು ಸುಮ್ನೆ ಶಾಸ್ತ್ರಕ್ಕೆ ತಟ್ಟೆ ಇಟ್ಟಿದ್ದೆ," ಎಂದಳು ಹೆಂಡತಿ. ಅವನು ಆ ತಟ್ಟೆ ಬೇರೆ ಯಾರದೋ ಎಂಬಂತೆ ನೋಡಿ, "ಮರೆತೆ," ಎಂದ. "ಮರೆತು ಎರಡು ಸಲ ಹಾಕಿಸ್ಕೊಂಡ್ರಿ," ಎಂದು ಅವಳು ನಕ್ಕಳು. ಆ ನಗುವಿನಲ್ಲಿ ಅನುಮಾನ ಇರಲಿಲ್ಲ. ಹದಿನೇಳು ವರ್ಷ ಸಂಸಾರ ಮಾಡಿಯೂ ಇವಳಿಗೆ ನನ್ನ ಮೇಲೆ ಅನುಮಾನಪಡಲು ಏನೂ ಸಿಕ್ಕಿಲ್ಲವಲ್ಲ ಎಂದು ಅವನಿಗೆ ಸಮಾಧಾನಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಅತ್ತೆ ಎಂದರೆ ಅವಳ ಪಾಲಿಗೆ ಗೋಡೆಯ ಮೇಲಿನ ಒಂದು ಫೋಟೊ. ಅದರಲ್ಲಿ ಅಮ್ಮ ಅರ್ಧ ತಿರುಗಿ, ಒಂದು ಕಿವಿ ಮತ್ತು ಕೆನ್ನೆಯನ್ನಷ್ಟೇ ತೋರಿಸಿ ನಿಂತಿದ್ದಾಳೆ. ಕ್ಯಾಮೆರಾ ಕಂಡರೆ ಅಮ್ಮನಿಗೆ ನಾಚಿಕೆ ಎಂದು ಅವನು ಮದುವೆಯಾದ ಹೊಸದರಲ್ಲಿ ಹೇಳಿದ್ದು ಆ ಮನೆಯಲ್ಲಿ ಇವತ್ತಿಗೂ ಚಲಾವಣೆಯಲ್ಲಿದೆ.

ಬಸ್ಸು ಸೇತುವೆಗೆ ಬಂದಾಗ ಎಡಗಡೆ ಬೆಟ್ಟಗಳು ಕಾಣುತ್ತವೆ. ಅಲ್ಲಿ ಅವನು ಪ್ರತಿದಿನ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಾನೆ, ಸೇತುವೆ ಮುಗಿದ ಮೇಲೆ ಮಡಚುತ್ತಾನೆ. ಇದು ರೂಢಿ ಎಂದೇ ಅವನು ತಿಳಿದುಕೊಂಡಿದ್ದ. ಇವತ್ತು ಪೇಪರು ಮನೆಯಲ್ಲೇ ಉಳಿದಿತ್ತು, ಕೈಗೆ ಮಾಡಲು ಕೆಲಸವಿಲ್ಲದೆ ಅಂಗಿಯ ಗುಂಡಿಯನ್ನು ತಿರುಗಿಸುತ್ತ ಎದುರು ಸೀಟಿನವನ ಬೋಳುತಲೆಯನ್ನೇ ನೋಡಿದ. ಮೂರು ವಾರದಿಂದ ಹೀಗೇ. ಎಲ್ಲಿ ನೋಡಿದರೂ ಅದು ನೋಡಬಾರದ ಕಡೆಯೇ ಆಗಿರುತ್ತದೆ.

ಮೂರು ವಾರದ ಹಿಂದೆ ಮೋಜಣಿದಾರ ಅಳತೆ ಮುಗಿಸಿ ಬೆಟ್ಟದಿಂದ ಇಳಿದು ಬಂದು ತನ್ನ ಫೀಲ್ಡ್ ಬುಕ್ಕನ್ನು ಅವನ ಮೇಜಿನ ಮೇಲೆ ಇಟ್ಟಿದ್ದ. ಒಳ್ಳೆಯ ಹುಡುಗ, ಅಕ್ಷರ ಗುಂಡಗೆ, ಅಳತೆ ಚೊಕ್ಕ. ಸಂರಕ್ಷಿತ ಕಾಡನ್ನು ದಕ್ಷಿಣದ ಬೆಟ್ಟಗಳವರೆಗೂ ವಿಸ್ತರಿಸುವ ಆದೇಶಕ್ಕಾಗಿ ಕಚೇರಿಯ ಮೇಡಂ ಆರು ವರ್ಷ ಗುದ್ದಾಡಿದ್ದರು. ಪ್ರಾಣಿಗಳಿಗೆ ಜಾಗ ಬೇಕು ಎಂದು ಮಾತ್ರವಲ್ಲ, ಆ ಬೆಟ್ಟದವರು ತಲೆತಲಾಂತರದಿಂದ ನಂಬಿ ನಡೆದುಕೊಂಡು ಬಂದ ಜಾಗಗಳೂ ಗೆರೆಯ ಒಳಗೆ ಬರಬೇಕು, ಅಲ್ಲಿ ಯಾರೂ ಕಲ್ಲು ಒಡೆಯಬಾರದು, ಮರ ಕಡಿಯಬಾರದು ಎಂದು ಅವರ ಹಟ. ಮೇಲಿನವರು ಕೊನೆಗೆ ಒಪ್ಪಿದ್ದರು. ಅಂಥ ಪ್ರತಿ ಜಾಗಕ್ಕೂ ನಕ್ಷೆಯ ಮೇಲೆ ಒಂದು ಕೆಂಪು ತ್ರಿಕೋನ ಬರಬೇಕು, ತ್ರಿಕೋನ ಒಳಗೆ ಬರುವಂತೆ ಗಡಿ ಬಳಸಿಕೊಂಡು ಹೋಗಬೇಕು. ಫೀಲ್ಡ್ ಬುಕ್ಕಿನ ಮೂವತ್ತೊಂದನೆಯ ಪುಟದಲ್ಲಿ ಆ ಹುಡುಗ ಬರೆದಿದ್ದ: 'ಸತ್ತವರ ಜಾಗ ಎಲ್ಲಿ ಎಂದು ಹಿರಿಯ ಹೆಂಗಸನ್ನು ಅವರ ಗುಡಿಸಲ ಮುಂದೆಯೇ ಕೇಳಲಾಯಿತು. ಬಾಯಿಬಿಟ್ಟು ಹೇಳಲಿಲ್ಲ. ಪೂರ್ವದ ಗುಡ್ಡಕ್ಕೆ ಮುಖ ಮಾಡಿ ಬಹಳ ಹೊತ್ತು ಭಕ್ತಿಯಿಂದ ನಿಂತರು. ಜಾಗ: ಪೂರ್ವದ ಗುಡ್ಡ.' ಓದಿದಾಗ ನಕ್ಷೆಗಾರನ ಕೈಯಲ್ಲಿದ್ದ ಸ್ಕೇಲು ಕೆಳಗೆ ಬಿತ್ತು. ಪಕ್ಕದ ಮೇಜಿನ ಗುಮಾಸ್ತ, ಪ್ರತಿಯೊಂದಕ್ಕೂ ಕೆಳಗೊಂದು ಮಾತು ಸೇರಿಸುವುದರಿಂದ ಕಚೇರಿಯವರೆಲ್ಲ ಅಡಿಟಿಪ್ಪಣಿ ಎಂದು ಕರೆಯುವವನು, "ಸ್ಕೇಲೂ ಕೈಬಿಡ್ತಾ ನಿಮ್ಮನ್ನ?" ಎಂದ. ನಕ್ಷೆಗಾರ ಬಗ್ಗಿ ಅದನ್ನು ಎತ್ತಿಕೊಂಡ. ಬಗ್ಗಿದವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮೇಜಿನ ಕೆಳಗೇ ಇದ್ದ.

ಬೆಟ್ಟದವರು ಸತ್ತವರ ಜಾಗದ ಕಡೆಗೆ ಎಂದೂ ಬೆರಳು ತೋರಿಸುವುದಿಲ್ಲ. ಅಲ್ಲಿ ಕಲ್ಲು ಇಡದವರ ಎದುರಿಗೆ ಅದರ ಹೆಸರೆತ್ತುವುದಿಲ್ಲ. ಎಲ್ಲಿ ಎಂದು ಕೇಳಿದರೆ ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತಾರೆ. ನಿನ್ನ ಕಡೆ ನಾನು ನೋಡುತ್ತಿಲ್ಲ, ನೀನು ಎದ್ದು ಬರಬೇಡ, ನೆಮ್ಮದಿಯಾಗಿ ಮಲಗಿರು ಎಂದು ಅದರ ಅರ್ಥ. ಅವರವರಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಹೇಳುವ ರೀತಿಯೇ ಇಲ್ಲ. ಆ ಹೆಂಗಸು ಪೂರ್ವಕ್ಕೆ ಮುಖ ಮಾಡಿ ನಿಂತರೆ ಜಾಗ ಇರುವುದು ಪಶ್ಚಿಮದ ಇಳಿಜಾರಿನಲ್ಲಿ. ಪಶ್ಚಿಮದ ಇಳಿಜಾರು ಗಡಿಯ ಹೊರಗಿತ್ತು, ಮತ್ತು ಅದರ ಕರಿಕಲ್ಲಿಗಾಗಿ ಒಂದು ಕಂಪನಿ ಆಗಲೇ ಅರ್ಜಿ ಹಾಕಿ ಕಾದು ಕೂತಿತ್ತು.

ಇದೆಲ್ಲ ಅವನಿಗೆ ಗೊತ್ತಿರುವುದು ಅಮ್ಮನಿಂದ. ಬೆಟ್ಟದಿಂದ ಇಳಿದು ಬಂದು, ಊರಿನ ಒಬ್ಬ ಗುಮಾಸ್ತನನ್ನು ಕಟ್ಟಿಕೊಂಡು, ಎರಡು ಕೋಣೆಯ ಸರ್ಕಾರಿ ಮನೆಯಲ್ಲಿ ಇಪ್ಪತ್ನಾಲ್ಕು ವರ್ಷ ಅಡಿಗೆ ಮಾಡಿದ ಅಮ್ಮ. ಅಡಿಗೆಮನೆಯ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು, ಅಮ್ಮ ಯಾವಾಗಲೂ ಕಿಟಕಿಗೆ ಬೆನ್ನು ಹಾಕಿಯೇ ಕೂರುತ್ತಿದ್ದಳು. ಅಪ್ಪನ ಕಡೆಯ ನೆಂಟರು ಬಂದು ಆ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತರೆ ಅವರಿಗೂ ಬೆನ್ನೇ. ಅತ್ತಿಗೆಗೆ ಮುಖ ತೋರಿಸುವಷ್ಟೂ ನಾವು ಬೇಡವಾದೆವೇ ಎಂದು ಸೋದರತ್ತೆ ಒಂದು ಸಲ ಅಂದದ್ದಕ್ಕೆ ಅಪ್ಪ ತಲೆ ತಗ್ಗಿಸಿದ್ದರು. ಶಾಲೆಯ ಗೆಳೆಯರಿಬ್ಬರು ಮನೆಗೆ ಬಂದ ದಿನ ಅವನೇ ಕೂಗಿದ್ದ, "ಸರಿಯಾಗಿ ತಿರುಗಿ ಕೂತ್ಕೋಮ್ಮಾ, ಎಲ್ಲರ ಮುಂದೆ ಇದೇನು!" ಅಮ್ಮ ತಿರುಗಿ ಕೂತಳು. ಕಿಟಕಿಯ ಕಡೆಗೆ ಮುಖ ಬಂದದ್ದರಿಂದ ಅವರು ಹೋಗುವವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದಳು. ಗೆಳೆಯರಲ್ಲಿ ಒಬ್ಬ ಮೆಟ್ಟಿಲಿಳಿಯುತ್ತ, ನಿಮ್ಮಮ್ಮನಿಗೆ ಕಣ್ಣು ಕಾಣಲ್ವಾ ಅಂತ ಕೇಳಿದ. ಹೂಂ ಅಂದುಬಿಟ್ಟ. ಕುರುಡಿ ಎಂದು ಹೇಳುವುದು ಬೆಟ್ಟದವಳು ಎಂದು ಹೇಳುವುದಕ್ಕಿಂತ ಸುಲಭವಾಗಿತ್ತು. ಅವಳು ಸತ್ತಾಗ ಅವಳ ಅಕ್ಕ, ದೊಡ್ಡಮ್ಮ, ಬೆಟ್ಟದಿಂದ ಇಬ್ಬರನ್ನು ಕರೆದುಕೊಂಡು ಇಳಿದು ಬಂದಳು. ಬೆಟ್ಟಕ್ಕೆ ಒಯ್ಯುತ್ತೇವೆ ಎಂದಾಗ ಅಪ್ಪ ಬೇಡವೆನ್ನಲಿಲ್ಲ. ಅವನು ಹೆಗಲು ಕೊಟ್ಟು ಪಶ್ಚಿಮದ ಇಳಿಜಾರಿನವರೆಗೂ ಹೋದ, ಕೆಳಗಿನ ತೊರೆಯಿಂದ ತನ್ನ ಕೈಯಾರೆ ಒಂದು ಚಪ್ಪಟೆ ಕಲ್ಲು ಆರಿಸಿ ಅಮ್ಮನ ಮೇಲೆ ಇಟ್ಟ. ಎಷ್ಟು ಜನ ಸತ್ತಿದ್ದಾರೋ ಅಲ್ಲಿ ಅಷ್ಟು ಕಲ್ಲು. ಗೊತ್ತಿಲ್ಲದವನಿಗೆ ಅದು ಬರೀ ಕಲ್ಲುಗಳ ಇಳಿಜಾರು. ವರ್ಷಕ್ಕೊಂದು ಸಲ ಮಕ್ಕಳು ಬಂದು ಅವರವರ ಕಲ್ಲನ್ನು ಮಗುಚಿ ಇಡಬೇಕು. ಅವನು ಮತ್ತೆ ಹೋಗಲಿಲ್ಲ. ಮರುವರ್ಷ ಕೆಲಸದ ಅರ್ಜಿ ತುಂಬುವಾಗ 'ತಾಯಿಯ ಕುಲ' ಎಂಬ ಕಡೆ ಪೆನ್ನು ನಿಂತಿತು, ಆಮೇಲೆ ತನ್ನಷ್ಟಕ್ಕೆ ಬರೆಯಿತು: ತಿಳಿದಿಲ್ಲ.

ಮೂರು ವಾರದಲ್ಲಿ ಅವನು ಸುಮ್ಮನೆ ಕೂತಿರಲಿಲ್ಲ ಎನ್ನುವುದೂ ನಿಜ. ಎರಡನೆಯ ದಿನವೇ ಪೆನ್ಸಿಲಿನಲ್ಲಿ ಗಡಿಯನ್ನು ಪಶ್ಚಿಮದ ಇಳಿಜಾರಿನ ಬುಡದವರೆಗೂ ಎಳೆದ. ಚಂದವಾಗಿ ಬಂತು. ಕೇಳಿದರೆ ಏನು ಹೇಳುವುದು? ಫೀಲ್ಡ್ ಬುಕ್ಕಿನಲ್ಲಿ ಇಲ್ಲದ ಒಂದು ಗೆರೆ ನಕ್ಷೆಯ ಮೇಲೆ ಬರಲು ಸಾಧ್ಯವಿಲ್ಲ, ಆ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಪಾಪ ಇಲ್ಲ. ರಬ್ಬರಿನಿಂದ ಅಳಿಸಿದ. ನಾಲ್ಕು ದಿನ ಬಿಟ್ಟು ಮತ್ತೆ ಎಳೆದ, ಮತ್ತೆ ಅಳಿಸಿದ. ಅಳಿಸಿ ಅಳಿಸಿ ಕಾಗದ ಅಲ್ಲಿ ತೆಳ್ಳಗಾಗಿ ನೂಲು ಎದ್ದಿತ್ತು, ಬೆರಳಾಡಿಸಿದರೆ ಅಷ್ಟಗಲ ಜಾಗ ಮಾತ್ರ ಒರಟಾಗಿ ಸಿಗುತ್ತಿತ್ತು. ಮೋಜಣಿದಾರನನ್ನು ಕಾಫಿಗೆ ಕರೆದುಕೊಂಡು ಹೋಗಿ, "ಅವರು ಪೂರ್ವಕ್ಕೆ ನಿಂತರು ಅಂದ್ರೆ ಪೂರ್ವದಲ್ಲೇ ಇದೆ ಅಂತ ಏನು ಖಾತ್ರಿ?" ಎಂದು ಕೇಳಿಯೂ ನೋಡಿದ. ಹುಡುಗ ಬೇಜಾರು ಮಾಡಿಕೊಳ್ಳದೆ, "ಮತ್ತೆ ಯಾಕೆ ಆ ಕಡೆ ನೋಡ್ತಾರೆ ಸರ್? ಮನುಷ್ಯರು ತಮಗೆ ಬೇಕಾದ ಕಡೆಗೇ ಅಲ್ವಾ ನೋಡೋದು?" ಎಂದ. ಆ ಮಾತಿಗೆ ಅವನ ಹತ್ತಿರ ಉತ್ತರವಿತ್ತು. ಕಾಫಿ ಕುಡಿದು ಎದ್ದು ಬಂದ. ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನ ಅವನ ಕಣ್ಣೆದುರೇ, ಅಡಿಟಿಪ್ಪಣಿಯ ಆಕಳಿಕೆಗಳ ನಡುವೆ, ಐದು ಗಂಟೆ ಬಡಿದು ಮುಗಿದುಹೋಯಿತು.

ಇವತ್ತಿನ ಸಭೆ ಬರೀ ಓದಿ ಹೇಳುವ ಸಭೆ. ಹನ್ನೊಂದಕ್ಕೆ ಗಡಿಯನ್ನು ಎಲ್ಲರ ಮುಂದೆ ಓದುವುದು, ಮಧ್ಯಾಹ್ನ ಇಂಕು, ನಾಲ್ಕಕ್ಕೆ ಸಹಿ, ಸಂಜೆಯ ಟಪಾಲಿಗೆ ನಕ್ಷೆ ಮೇಲಕ್ಕೆ. ಸಭೆಯ ಕೋಣೆಯಲ್ಲಿ ನಕ್ಷೆಯನ್ನು ಬಾಗಿಲಿನ ಎದುರುಗೋಡೆಗೆ ಪಿನ್ನು ಚುಚ್ಚಿ ಹಾಕಿದ್ದರು. ಅದರ ಪಕ್ಕಕ್ಕೆ ಮೇಡಂ ಕುರ್ಚಿ. ಅದಕ್ಕೆ ಎದುರಾಗಿ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಅಳತೆ ಗಿಳತೆ ಕೇಳಿದರೆ ಹೇಳಲಿಕ್ಕೆ ಇರಲಿ ಎಂದು ಅವನು. ಕಲ್ಲಿನ ಕಂಪನಿಯ ವಕೀಲ ಕಿಟಕಿಯ ಹತ್ತಿರ ಕೂತು ತನ್ನದೇ ನಕ್ಷೆಯ ಪ್ರತಿಯನ್ನು ತೊಡೆಯ ಮೇಲೆ ಹರಡಿಕೊಂಡಿದ್ದ, ಬಹಳ ಮರ್ಯಾದಸ್ಥನ ಹಾಗೆ ಕಾಣುತ್ತಿದ್ದ. ಬೆಟ್ಟದವರ ಪರವಾಗಿ ಯಾರಾದರೂ ಬರುತ್ತಾರೆ ಎಂದು ಮೋಜಣಿದಾರ ಹೇಳಿದ್ದ, ಯಾರು ಎಂದು ಹೇಳಿರಲಿಲ್ಲ, ಇವನು ಕೇಳಿರಲೂ ಇಲ್ಲ. ಹನ್ನೊಂದೂ ಹತ್ತಕ್ಕೆ ಬಾಗಿಲಿನಲ್ಲಿ ಒಬ್ಬ ಮುದುಕಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಳು. ಚಪ್ಪಲಿ ಹಾಕ್ಕೊಂಡೇ ಬನ್ನಿ ಅಜ್ಜಿ ಎಂದು ಮೇಡಂ ಎದ್ದು ನಿಂತರು. ದೊಡ್ಡಮ್ಮ ಎಷ್ಟು ಕುಗ್ಗಿಹೋಗಿದ್ದಳೆಂದರೆ ಅವನು ಮೊದಲು ಗುರುತಿಸಿದ್ದು ಅವಳನ್ನಲ್ಲ, ಅವಳು ಹೊಸಿಲು ದಾಟುವಾಗ ಬಾಗಿಲ ಚೌಕಟ್ಟಿಗೆ ಅಂಗೈ ಒತ್ತಿದ ರೀತಿಯನ್ನು. ಅಮ್ಮ ಹಾಗೆಯೇ ಒತ್ತುತ್ತಿದ್ದಳು. ಅವನ ಪಕ್ಕದಲ್ಲೇ ಹಾದುಹೋದಳು. ನೋಡಿದಳೋ ಇಲ್ಲವೋ ಗೊತ್ತಾಗಲಿಲ್ಲ. ನೋಡದಿರಲಿ ಎಂದು ಅವನ ಮನಸ್ಸು ಬೇಡಿಕೊಂಡಿತು, ಬೇಡಿಕೊಂಡದ್ದಕ್ಕೆ ಅದೇ ಮನಸ್ಸು ಉಗಿಯಿತು.

ಮೇಡಂ ಓದಿದರು. ಓದುವಾಗ ಅವರ ದನಿ ಒಂದೆರಡು ಕಡೆ ಉಬ್ಬಿ ಬಂತು. ಆರು ವರ್ಷದಲ್ಲಿ ಅವರ ಕೂದಲು ಅರ್ಧ ಬೆಳ್ಳಗಾಗಿತ್ತು, ಈ ಕೆಲಸ ಮುಗಿದ ಮೇಲೆ ಅವರನ್ನು ಯಾವುದಾದರೂ ಮೂಲೆಗೆ ಎತ್ತಿಹಾಕುತ್ತಾರೆಂದು ಕಚೇರಿಗೆಲ್ಲ ಗೊತ್ತಿತ್ತು. ಓದಿ ಮುಗಿಸಿ, ಕಾಗದ ಕೆಳಗಿಟ್ಟು, ಮುದುಕಿಯ ಹತ್ತಿರ ಹೋಗಿ ಮಕ್ಕಳಿಗೆ ಹೇಳುವ ಹಾಗೆ ಅಲ್ಲ, ಹಿರಿಯರಿಗೆ ಒಪ್ಪಿಸುವ ಹಾಗೆ ಹೇಳಿದರು: "ಅಜ್ಜಿ, ನಿಮ್ಮ ಸತ್ತವರ ಜಾಗ ಇನ್ನು ಯಾರೂ ಮುಟ್ಟೋ ಹಾಗಿಲ್ಲ. ಪೂರ್ವದ ಗುಡ್ಡ ಪೂರ್ತಿ ಒಳಗೆ ಬಂದಿದೆ."

"ಪೂರ್ವದ ಗುಡ್ಡದಲ್ಲಿ ಏನಿದೆಯವ್ವಾ?" ಎಂದಳು ದೊಡ್ಡಮ್ಮ. "ಅಲ್ಲಿ ನಮ್ಮ ಮೇಕೆ ಮೇಯ್ತವೆ."

ಅಡಿಟಿಪ್ಪಣಿ ಮೂಲೆಯಲ್ಲಿ, "ಮೇಕೆಗೆ ಸಂರಕ್ಷಣೆ ಸಿಕ್ಕಿತು," ಎಂದು ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಮೋಜಣಿದಾರನ ಮುಖ ಬಿಳುಚಿಕೊಂಡಿತು. "ನೀವೇ ಅಲ್ವಾ ಅಜ್ಜಿ ಆ ಕಡೆ ನೋಡಿ ನಿಂತದ್ದು? ನಾನು ಕೇಳ್ದಾಗ?"

"ನಿಂತೆ. ಕೇಳಿದ್ದಕ್ಕೆ ಹೇಳಿದೆ."

"ಏನು ಹೇಳಿದ್ರಿ?"

"ಅಯ್ಯೋ, ಅಷ್ಟು ಬಿಡಿಸಿ ಹೇಳಿದ ಮೇಲೂ?" ದೊಡ್ಡಮ್ಮನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. ಓದು ಬರಹ ಬಲ್ಲ ಇಷ್ಟು ಜನಕ್ಕೆ ಇಷ್ಟು ಸಣ್ಣ ಮಾತು ತಲೆಗೆ ಹೋಗಲಿಲ್ಲವಲ್ಲ ಎಂದು ಕೋಣೆಯಲ್ಲಿ ಎಲ್ಲರ ಮುಖವನ್ನೂ ನೋಡಿದಳು. ಮೇಡಂ ಅವಳ ತೋಳು ಹಿಡಿದು ಮೆಲ್ಲಗೆ ನಕ್ಷೆಯ ಮುಂದೆ ಕರೆತಂದರು. ಇದು ತೊರೆ, ಇದು ನಿಮ್ಮ ಗುಡಿಸಲು, ಇದು ಪೂರ್ವ, ಇದು ಪಶ್ಚಿಮ ಎಂದು ತೋರಿಸಿದರು. ಮುದುಕಿ ಬಗ್ಗಿ ತೊರೆಯ ನೀಲಿ ಗೆರೆಯನ್ನು ನೋಡಿ ತಲೆದೂಗಿದಳು, ಗೊತ್ತಾಯಿತು ಎಂದಳು. "ಹಾಗಾದ್ರೆ ಹೇಳಿ ಅಜ್ಜಿ, ಆ ಜಾಗ ಎಲ್ಲಿದೆ?"

ದೊಡ್ಡಮ್ಮ ನಕ್ಷೆಗೆ ಬೆನ್ನು ಮಾಡಿ ನಿಂತಳು. ಪೂರ್ತಿ, ನೇರವಾಗಿ, ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು. ಅವಳ ತಲೆಯ ಹಿಂದೆ ಒಂದು ಗೇಣು ಮೇಲೆ ಪಶ್ಚಿಮದ ಇಳಿಜಾರು ಇತ್ತು, ಅವನು ಅಳಿಸಿ ಅಳಿಸಿ ನೂಲೆದ್ದ ಜಾಗ. ಹಾಗೆ ತಿರುಗಿದ್ದರಿಂದ ಅವಳ ಮುಖ ಬಾಗಿಲ ಪಕ್ಕದ ಸ್ಟೂಲಿನ ಕಡೆಗೆ ಬಂತು. ಅವನ ಕಡೆಗೆ. ಕಣ್ಣಿಗೆ ಪೊರೆ ಬಂದಿತ್ತು, ಆದರೂ ಅವಳು ನೋಡುತ್ತಿದ್ದಾಳೆ ಎಂಬುದರಲ್ಲಿ ಈಗ ಅನುಮಾನವಿರಲಿಲ್ಲ. "ಅವತ್ತೂ ಹೀಗೇ ಮೇಡಂ," ಎಂದ ಮೋಜಣಿದಾರ ಅಳುವವನ ಹಾಗೆ, "ತಿರುಗಿ ನಿಂತ್ಕೊಂಡು ಬಿಡ್ತಾರೆ, ಬಾಯೇ ಬಿಡಲ್ಲ." ಬೇಸರವಾಗಿರಬೇಕು ಅಜ್ಜಿಗೆ ಎಂದು ಯಾರೋ ಅಂದರು. ಕುಡಿಯೋಕೆ ನೀರು ಕೊಡಿ ಎಂದು ಮತ್ತೊಬ್ಬರು. ಇವಳು ಇಷ್ಟು ದೊಡ್ಡದಾಗಿ ಕೂಗಿ ಹೇಳುತ್ತಿದ್ದಾಳೆ, ಈ ಕೋಣೆಯಲ್ಲಿ ಕಿವಿ ಇರುವವನು ನಾನೊಬ್ಬನೇ. ಎದ್ದು ಹೊರಗೆ ಹೋದರೂ ಆಗುತ್ತದೆ, ಬಾಗಿಲು ಪಕ್ಕದಲ್ಲೇ ಇದೆ, ಹೊಟ್ಟೆ ಸರಿಯಿಲ್ಲ ಎಂದರೆ ನಂಬುತ್ತಾರೆ, ಬೆಳಿಗ್ಗೆ ಎರಡು ಸಲ ತಿಂದಿದ್ದೇನೆ.

"ಅವರ ಬೆನ್ನ ಹಿಂದೆ," ಎಂದ. ದನಿ ತನ್ನದಲ್ಲವೆನಿಸಿತು. "ಅವರು ಬೆನ್ನು ಮಾಡಿರೋ ಕಡೆ ಇದೆ ಮೇಡಂ. ಪಶ್ಚಿಮದ ಇಳಿಜಾರು. ಅವತ್ತೂ ಅದನ್ನೇ ಹೇಳಿದ್ದು."

"ನಿಮಗೆ ಹೇಗೆ ಗೊತ್ತು?"

ಎಷ್ಟು ಸಲ ಈ ಪ್ರಶ್ನೆಯನ್ನು ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ ಕೇಳಿಕೊಂಡು ಎಷ್ಟು ಬಗೆಯ ಉತ್ತರ ಹೆಣೆದಿದ್ದ. ಎಲ್ಲೋ ಓದಿದ್ದೆ, ಯಾರೋ ಹೇಳಿದ್ದು. "ನಮ್ಮಮ್ಮ ಅಲ್ಲಿದಾರೆ," ಎಂದ. "ಕಲ್ಲು ನಾನೇ ಇಟ್ಟಿದ್ದು."

ಜೀವನದಲ್ಲಿ ಮೊದಲ ಸಲ ಅಡಿಟಿಪ್ಪಣಿಗೆ ಸೇರಿಸಲು ಏನೂ ಸಿಗಲಿಲ್ಲ. ಮೇಡಂ ಮುಖದಲ್ಲಿ ಸಂತೋಷ ಎದ್ದುಬಂದದ್ದನ್ನು ಅವನು ಕಂಡ, ಆರು ವರ್ಷದ ಕೆಲಸ ತಪ್ಪಾಗುವುದು ತಪ್ಪಿತಲ್ಲ ಎಂಬ ಸಂತೋಷ. "ತೋರಿಸಿ, ತೋರಿಸಿ, ಸರಿಯಾಗಿ ಎಲ್ಲಿ ಅಂತ ತೋರಿಸಿ," ಎಂದು ಅವಸರಪಟ್ಟರು. ಅವನು ಎದ್ದ. ಕೋಣೆ ದಾಟಿ, ದೊಡ್ಡಮ್ಮನನ್ನು ಬಳಸಿಕೊಂಡು ನಕ್ಷೆಯ ಮುಂದೆ ಹೋದ. ಎರಡು ಕವಲಾದ ತೊರೆ, ಅದರ ಎಡಗವಲಿನಿಂದ ಮೇಲೆ, ಬಂಡೆಯ ಮೂಗು ದಾಟಿದ ಮೇಲೆ, ಇಲ್ಲಿ. ಇಪ್ಪತ್ತೆರಡು ವರ್ಷದ ಅಭ್ಯಾಸವಿದ್ದ ಬೆರಳು ಕೂದಲೆಳೆಯಷ್ಟೂ ಆಚೀಚೆಯಾಗದೆ ಆ ಜಾಗದ ಮೇಲೆ ಹೋಗಿ ನಿಂತಿತು. ಕಾಗದದ ಒರಟು ಬೆರಳಿಗೆ ತಾಗಿದಾಗ ಹಿಂದೆ, ಭುಜದ ಮೇಲಿಂದ ಅವನ ಬೆರಳನ್ನು ಕಂಡು ದೊಡ್ಡಮ್ಮ ಉಸಿರು ಎಳೆದುಕೊಂಡದ್ದು ಕೇಳಿಸಿತು. ತಾನು ಏನು ಮಾಡುತ್ತಿದ್ದೇನೆ ಎಂದು ಆಗ ಗೊತ್ತಾಯಿತು. ಚಿಕ್ಕವನಿದ್ದಾಗ ಅವನು ಬೆಟ್ಟದ ಮೇಲಿನ ಮೋಡ ತೋರಿಸಲು ಕೈ ಎತ್ತಿದರೂ ಅಮ್ಮ ಓಡಿಬಂದು ಬೆರಳನ್ನು ಮಡಚುತ್ತಿದ್ದಳು, ಮಡಚಿದ ಮುಷ್ಟಿಗೆ ಮುತ್ತು ಕೊಡುತ್ತಿದ್ದಳು. ಕೈ ಕೆಳಗಿಳಿಸಿದ. ಕಿಟಕಿಯ ಹತ್ತಿರ ವಕೀಲ ತೊಡೆಯ ಮೇಲಿನ ತನ್ನ ಪ್ರತಿಯಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಹಾಕಿಕೊಳ್ಳುತ್ತಿದ್ದ.

"ಒಂದು ಮಾತು ಮೇಡಂ," ಎಂದ ವಕೀಲ, ಕೂತಲ್ಲಿಂದಲೇ, ದನಿ ಎತ್ತರಿಸದೆ. "ಈ ನಕ್ಷೆ ಬರೆದವರು ಇವರೇ ಅಲ್ವಾ? ಅಂದರೆ ಈ ಜಾಗಕ್ಕೆ ಸಂಬಂಧಪಟ್ಟವರೇ ಇಡೀ ಗಡಿ ಎಳೆದಿದಾರೆ ಅಂತಾಯ್ತು. ಇಷ್ಟು ದಿನ ಅದನ್ನ ಮುಚ್ಚಿಟ್ಟು. ಇದು ದಾಖಲಾಗಲಿ. ಒಂದು ಕಡೆ ಹೀಗಾಗಿದ್ದರೆ ಉಳಿದ ಗಡಿ ಮಾತ್ರ ಹೇಗೆ ನಂಬೋದು? ನಾವು ಕೋರ್ಟಿಗೆ ಹೋಗಬೇಕಾಗುತ್ತೆ." ಹೋಗಬೇಕಾಗುತ್ತೆ ಎನ್ನುವಾಗ ಅವನಿಗೆ ನಿಜವಾಗಿಯೂ ಬೇಸರವಾದಂತಿತ್ತು. ಮೇಡಂ ಮುಖದ ಸಂತೋಷ ಎಷ್ಟು ಬೇಗ ಬಂದಿತ್ತೋ ಅಷ್ಟೇ ಬೇಗ ಇಳಿದುಹೋಯಿತು. ಅವರು ಅವನನ್ನೇ ನೋಡುತ್ತ, "ಮೂರು ವಾರ ಈ ನಕ್ಷೆ ನಿಮ್ಮ ಮೇಜಿನ ಮೇಲಿತ್ತು," ಎಂದರು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಆಮೇಲೆ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ಗುಟ್ಟು ಮುಚ್ಚಿಟ್ಟುಕೊಂಡಿದ್ದಷ್ಟು ದಿನ ಅವನ ಮಾತಿಗೆ ಆಧಾರವಿರಲಿಲ್ಲ. ಬಿಚ್ಚಿದ ಮೇಲೆ ಅವನ ಮಾತಿಗೆ ಬೆಲೆಯಿಲ್ಲ. ಮೇಡಂ ಇದನ್ನೇ ಬೇರೆ ಮಾತಿನಲ್ಲಿ, ನೀರಿನ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ತಿರುಗಿಸುತ್ತ ಹೇಳಿದರು. ನಕ್ಷೆ ಬದಲಾಯಿಸಿದರೆ ಹೊಸ ಪ್ರಕಟಣೆ, ಹೊಸ ಆಕ್ಷೇಪಣೆ, ಕೋರ್ಟು. ಅಷ್ಟರಲ್ಲಿ ಮೇಲಿನವರ ಮನಸ್ಸು ಬದಲಾಗುತ್ತದೆ. ಪೂರ್ವದ ಗುಡ್ಡವೂ ಹೋಗುತ್ತದೆ, ಉತ್ತರದ ಕಣಿವೆಯೂ ಹೋಗುತ್ತದೆ, ಹನ್ನೊಂದು ತ್ರಿಕೋನಗಳಲ್ಲಿ ಸರಿಯಾಗಿರುವ ಹತ್ತೂ ಹೋಗುತ್ತವೆ. "ಹತ್ತು ಜಾಗ ಉಳೀತವೆ," ಎಂದರು. "ನನ್ನನ್ನ ತಪ್ಪು ತಿಳೀಬೇಡಿ. ನನಗೂ ಹೊಟ್ಟೆ ಉರೀತಿದೆ. ಮೊದಲ ದಿನವೇ ಬಂದು ಹೇಳಿದ್ದರೆ..." ಮಾತು ಅಲ್ಲಿಗೇ ನಿಲ್ಲಿಸಿ ಒಂದು ಬಿಳಿ ಹಾಳೆಯನ್ನು ಅವನ ಮುಂದೆ ಸರಿಸಿದರು. ಅವನು ಸಭೆಯಲ್ಲಿ ಆಡಿದ ಮಾತನ್ನು ಹಿಂತೆಗೆದುಕೊಳ್ಳಬೇಕು. ಎರಡು ಸಾಲು ಸಾಕು. ಅವರ ಕಣ್ಣು ತುಂಬಿತ್ತು. ತಾನು ಬರೆಯುವುದಿಲ್ಲ ಎಂದರೆ ಹತ್ತು ಜಾಗ ಮುಳುಗಿಸಿದವನು, ಬರೆದರೆ ಒಂದನ್ನು. ಲೆಕ್ಕ ಸರಿಯಾಗಿತ್ತು. ಪೆನ್ನು ಹಾಳೆಯ ಮೇಲೆ ನಿಂತಿತು, ಆಮೇಲೆ ತನ್ನಷ್ಟಕ್ಕೆ ಹೊರಟಿತು: ಸಭೆಯಲ್ಲಿ ತಪ್ಪು ತಿಳಿವಳಿಕೆಯಿಂದ ಮಾತನಾಡಿದೆ. ಆ ಜಾಗದ ಬಗ್ಗೆ ನನಗೆ ಏನೂ ತಿಳಿದಿಲ್ಲ. ಬರೆದ ಮೇಲೆ ಅಕ್ಷರಗಳನ್ನು ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಕೈಬರಹ ಒಂದಿಷ್ಟೂ ಬದಲಾಗಿರಲಿಲ್ಲ.

ಮಧ್ಯಾಹ್ನ ಇಂಕು ಹಾಕಿದ. ಹೊಟ್ಟೆ ತುಂಬಿದರೆ ಕೈ ಭಾರವಾಗುತ್ತದೆ ಎನ್ನುವುದು ಸುಳ್ಳು, ಬರೀ ಮುದುಕನ ಅಜೀರ್ಣ. ಗೆರೆ ಪೂರ್ವದ ಗುಡ್ಡವನ್ನು ಬಳಸಿ, ಗುಡಿಸಲುಗಳ ಹಿಂದೆ ಹಾದು, ಪಶ್ಚಿಮದ ಇಳಿಜಾರನ್ನು ಮುಟ್ಟದೆ ತೆಳ್ಳಗೆ ಒಂದೇ ಸಮನಾಗಿ ಹರಿಯಿತು. ಅಡಿಟಿಪ್ಪಣಿ ಎರಡು ಸಲ ಅವನ ಹಿಂದೆ ಬಂದು ನಿಂತು ಹೋದ. ಮೂರನೆಯ ಸಲ ಬಂದು, "ನಾನು ಬೆಟ್ಟದವರ ಬಗ್ಗೆ ಏನಾದ್ರೂ... ಹಿಂದೆ... ತಮಾಷೆಗೆ ಅಂದಿದ್ರೆ," ಎಂದ. "ಇಲ್ಲ, ಬಿಡಿ," ಎಂದ ನಕ್ಷೆಗಾರ. ಅಂದಿದ್ದ. ಬಹಳ ಸಲ ಅಂದಿದ್ದ, ಅದಕ್ಕೆಲ್ಲ ಇವನೂ ನಕ್ಕಿದ್ದ.

ನಾಲ್ಕೂವರೆಗೆ ಗೇಟಿನ ಹೊರಗೆ ಬಂದಾಗ ಬಸ್ ನಿಲ್ದಾಣದಲ್ಲಿ ದೊಡ್ಡಮ್ಮ ಒಬ್ಬಳೇ ನಿಂತಿದ್ದಳು. ಬೆಟ್ಟದ ಬಸ್ಸು ದಿನಕ್ಕೆ ಎರಡೇ, ಸಂಜೆಯದು ಐದಕ್ಕೆ. ಅವನು ಹತ್ತು ಹೆಜ್ಜೆ ದೂರದಲ್ಲಿ ನಿಂತ. "ದೊಡ್ಡಮ್ಮಾ," ಎಂದ.

"ಹೂಂ. ಒಳಗೆ ಬರೋವಾಗಲೇ ಗುರುತು ಹಿಡಿದೆ," ಎಂದಳು. "ನಿನ್ನ ಕುತ್ತಿಗೆ ಅವಳದೇ. ಅವಳ ಕಲ್ಲು ನಾನೇ ಮಗುಚಿ ಇಡ್ತಿದ್ದೆ ಮಗಾ ಪ್ರತಿ ವರ್ಷ. ಅವನಿಗೆ ಕೆಲಸ ಜಾಸ್ತಿ, ಬರ್ತಾನೆ ಅಂತ ಅವಳಿಗೆ ಹೇಳ್ತಿದ್ದೆ."

"ನಾನು ಹೇಳಿದೆ ದೊಡ್ಡಮ್ಮ. ಅವರು ಕೇಳಲಿಲ್ಲ."

"ನೋಡಿದೆ." ಅವಳು ಹತ್ತಿರ ಬಂದು ಅವನ ಬಲಗೈಯನ್ನು ತೆಗೆದುಕೊಂಡಳು. ತೋರುಬೆರಳಿನ ತುದಿಗೆ ಇಂಕು ಅಂಟಿತ್ತು. ಆ ಬೆರಳನ್ನು ಮೆಲ್ಲಗೆ ಮಡಚಿ, ಅವನ ಮುಷ್ಟಿಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು. "ಬೆರಳು ಮಾಡಿ ತೋರಿಸಿಬಿಟ್ಟೆಯಲ್ಲೋ ಅವಳನ್ನ," ಎಂದಳು. ಸಿಟ್ಟಿರಲಿಲ್ಲ. ಕೈ ಬಿಟ್ಟಳು.

ಆಮೇಲೆ ದೊಡ್ಡಮ್ಮ ತಿರುಗಿದಳು. ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು, ನೇರವಾಗಿ, ಅವನಿಗೆ ಪೂರ್ತಿ ಬೆನ್ನು ಮಾಡಿ ನಿಂತಳು. ರಸ್ತೆಯಲ್ಲಿ ಹೋಗುವವರಿಗೆ ಅವಳು ಬಸ್ಸಿಗೆ ಕಾಯುವ ಒಬ್ಬ ಮುದುಕಿ. ಬಸ್ಸು ಬರುವುದು ಈ ಕಡೆಯಿಂದ, ಅವನು ನಿಂತಿರುವ ಕಡೆಯಿಂದ. ಅದರ ಹಾರ್ನ್ ತಿರುವಿನಲ್ಲಿ ಕೇಳಿಸಿತು, ಹತ್ತಿರ ಬಂತು, ಕಂಡಕ್ಟರು ಬೆಟ್ಟ ಬೆಟ್ಟ ಎಂದು ಕೂಗಿದ. ಅವಳು ತಿರುಗಿ ನೋಡಲಿಲ್ಲ. ಬಸ್ಸು ಅವಳನ್ನು ದಾಟಿ ಮುಂದೆ ಹೋಗಿ ನಿಲ್ಲುವವರೆಗೂ ಕಾದು, ಹಾಗೇ ಮುಂದಕ್ಕೆ ನಡೆದು ಹತ್ತಿದಳು.